ಮದ್ದಿನ ಉದ್ದ ಹೆಸರು: ಎಲ್ಲಿ ತುಂಡು ಮಾಡುವುದು, ಎಲ್ಲಿ ಒತ್ತುವುದು?

ಪ್ರಶ್ನೆ: ಮೇಡಂ, ನಾನು ಕಾರ್ಕಳ ಕಡೆಯವಳು. ಎಸ್‌ಎಸ್‌ಎಲ್‌ಸಿವರೆಗೆ ಕನ್ನಡ ಮಾಧ್ಯಮ. ಈಗ ಮಂಗಳೂರಿನಲ್ಲಿ ಡಿ.ಫಾರ್ಮ ಓದುತ್ತಾ, ಸಂಜೆ ಒಂದು ಜನೌಷಧಿ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದೇನೆ. ಅಲ್ಲಿ ಎಲ್ಲವೂ ಜನರಿಕ್ ಹೆಸರು. ಹೈಡ್ರೋಕ್ಲೋರೋಥಯಾಜೈಡ್ ಅಂತ ಓದುವಾಗ ಅರ್ಧದಲ್ಲೇ ನಿಂತುಬಿಡುತ್ತೇನೆ. ಒಂದೇ ಹೆಸರನ್ನು ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ. ಇಷ್ಟುದ್ದದ ಹೆಸರನ್ನು ಎಲ್ಲಿ ತುಂಡು ಮಾಡಬೇಕು? ಯಾವ ತುಂಡನ್ನು ಒತ್ತಿ ಹೇಳಬೇಕು? ಆ ತುಂಡುಗಳಿಗೆ ಅರ್ಥ ಉಂಟಾ, ಸುಮ್ನೆ ಇಟ್ಟದ್ದಾ?

ಉತ್ತರ: ನಿಮ್ಮ ಮೂರನೇ ಪ್ರಶ್ನೆಯನ್ನು ಮೊದಲು ತೆಗೆದುಕೊಳ್ಳುತ್ತೇನೆ. ಅದು ತಿಳಿದರೆ ಉಳಿದ ಎರಡು ಸುಲಭ.

ತುಂಡುಗಳಿಗೆ ಅರ್ಥ ಉಂಟು. ಆದರೆ ಎಲ್ಲ ತುಂಡುಗಳಿಗೂ ಅಲ್ಲ. ಈಗಿನ ಹೆಸರುಗಳಲ್ಲಿ ಅರ್ಥ ಇರುವುದು ಹೆಚ್ಚಾಗಿ ಬಾಲದಲ್ಲಿ. ತಲೆಯ ಕಡೆಯ ತುಂಡು ಒಂದು ಮದ್ದನ್ನು ಇನ್ನೊಂದರಿಂದ ಬೇರೆ ಮಾಡಲಿಕ್ಕೆ ಇಟ್ಟದ್ದು, ಅಷ್ಟೆ. ನಮ್ಮ ಊರಿನ ಹೆಸರುಗಳನ್ನೇ ನೋಡಿ. ಹಂಪನಕಟ್ಟೆ, ಬಿಕರ್ನಕಟ್ಟೆ ಅಂದರೆ ಹೊಸಬರಿಗೂ ‘ಕಟ್ಟೆ’ ತಿಳಿಯುತ್ತದೆ. ಕುಂಜತ್ತಬೈಲ್ ಅಂದರೆ ಅಲ್ಲೊಂದು ಬೈಲು ಇದ್ದಿರಬೇಕು ಅಂತ ಗೊತ್ತಾಗುತ್ತದೆ. ಬಿಕರ್ನ ಅಂದರೆ ಏನು ಅಂತ ಮಾತ್ರ ಊರಿನವರನ್ನೇ ಕೇಳಬೇಕು. ಮದ್ದಿನ ಹೆಸರನ್ನೂ ಹಾಗೇ ಹಿಂದಿನಿಂದ ಓದಿ.

ಇದು ತಾನಾಗಿ ಆದದ್ದಲ್ಲ. ಮದ್ದಿನ ಮೂಲವಸ್ತುವಿಗೆ ಜಗತ್ತಿಗೆಲ್ಲ ಒಂದೇ ಹೆಸರು ಇರಲಿ ಅಂತ ವಿಶ್ವ ಆರೋಗ್ಯ ಸಂಸ್ಥೆ 1950ರಲ್ಲಿ ಒಂದು ವ್ಯವಸ್ಥೆ ಶುರು ಮಾಡಿತು. ಮೊದಲ ಪಟ್ಟಿ 1953ರಲ್ಲಿ ಬಂತು. ಐಎನ್‌ಎನ್ (ಇಂಟರ್‌ನ್ಯಾಷನಲ್ ನಾನ್‌ಪ್ರೊಪ್ರೈಟರಿ ನೇಮ್) ಅಂತ ಪುಸ್ತಕದಲ್ಲಿ ಕಾಣುತ್ತೀರಲ್ಲ, ಅದೇ ಇದು. ನಾವು ಜನರಿಕ್ ಹೆಸರು ಅನ್ನುವುದು ಬಹುಮಟ್ಟಿಗೆ ಇದನ್ನೇ. ಒಂದೇ ಗುಂಪಿನ ಮದ್ದುಗಳಿಗೆ ಒಂದೇ ಬಾಲ ಕೊಡುವುದು ಇಲ್ಲಿನ ಪದ್ಧತಿ. ಹೆಸರು ಕಿವಿಗೂ ಕಣ್ಣಿಗೂ ಬೇರೆಯಾಗಿ ಇರಬೇಕು, ಅತಿ ಉದ್ದ ಇರಬಾರದು, ರೋಗದ ಹೆಸರನ್ನು ಸೂಚಿಸಬಾರದು ಅನ್ನುವ ನಿಯಮಗಳೂ ಉಂಟು. ನನಗೆ ಬಹಳ ಹಿಡಿಸಿದ ನಿಯಮ ಇನ್ನೊಂದು. ಬೇರೆ ಬೇರೆ ಭಾಷೆಯವರಿಗೆ ಹೇಳಲಿಕ್ಕೆ ಸುಲಭ ಆಗಲಿ ಅಂತ ಇಂಗ್ಲಿಷಿನ ಪಿ-ಎಚ್ ಜೋಡಿಯ ಬದಲು ಎಫ್, ಟಿ-ಎಚ್ ಬದಲು ಬರೇ ಟಿ, ವೈ ಬದಲು ಐ ಬಳಸಬೇಕು. ಎಚ್ ಮತ್ತು ಕೆ ಆದಷ್ಟು ಬೇಡ. ಸೆಫಲೆಕ್ಸಿನ್ ಹಳೇ ಪುಸ್ತಕದಲ್ಲಿ ಪಿ-ಎಚ್ ಹಾಕಿ ಇರುತ್ತದೆ, ಹೊಸದರಲ್ಲಿ ಎಫ್. ಸ್ಪೆಲ್ಲಿಂಗ್ ತಪ್ಪಾಯಿತು ಅಂತ ಗಾಬರಿ ಬೇಡ, ಎರಡೂ ಒಂದೇ.

ಇನ್ನು ಬಾಲಗಳು. ಬಿಪಿ ಚೀಟಿಯಲ್ಲಿ ‘ಸಾರ್ಟನ್’ ಕಂಡರೆ ರಕ್ತನಾಳ ಬಿಗಿ ಮಾಡುವ ಆಂಜಿಯೋಟೆನ್ಸಿನ್ ಅನ್ನುವ ವಸ್ತುವಿನ ರಿಸೆಪ್ಟರನ್ನು ತಡೆಯುವ ಮದ್ದು: ಲೊಸಾರ್ಟನ್, ಟೆಲ್ಮಿಸಾರ್ಟನ್, ಓಲ್ಮೆಸಾರ್ಟನ್. ‘ಪ್ರಿಲ್’ ಕಂಡರೆ ಅದೇ ವಸ್ತು ತಯಾರಾಗುವುದನ್ನು ತಡೆಯುವ ಎಸಿಇ ಇನ್‌ಹಿಬಿಟರ್. ‘ಓಲೋಲ್’ ಹೃದಯದ ಬಡಿತ ತಗ್ಗಿಸುವ ಬೀಟಾ ಬ್ಲಾಕರ್, ‘ಡಿಪಿನ್’ ರಕ್ತನಾಳ ಸಡಿಲಿಸುವ ಕ್ಯಾಲ್ಸಿಯಂ ಚಾನಲ್ ಬ್ಲಾಕರ್. ಗ್ಯಾಸ್ಟ್ರಿಕ್‌ಗೆ ಕೊಡುವ ‘ಪ್ರಜೋಲ್’ ಹೊಟ್ಟೆಯ ಆಮ್ಲದ ಪಂಪ್ ನಿಲ್ಲಿಸುವಂಥದ್ದು. ಸಕ್ಕರೆ ಕಾಯಿಲೆಯ ಮದ್ದುಗಳಲ್ಲಿ ‘ಗ್ಲಿ’ ಅನ್ನುವ ಚೂರು ಮತ್ತೆ ಮತ್ತೆ ಬರುತ್ತದೆ: ಗ್ಲಿಪ್ಟಿನ್, ಗ್ಲಿಫ್ಲೋಜಿನ್, ಗ್ಲಿಟಜೋನ್. ಈ ಗ್ಲಿಫ್ಲೋಜಿನ್‌ನ ‘ಫ್ಲೋಜಿನ್’ ಬಂದದ್ದು ಫ್ಲೋರಿಜಿನ್ ಅನ್ನುವ ವಸ್ತುವಿನಿಂದ. ಅದನ್ನು 1835ರಲ್ಲಿ ಸೇಬಿನ ಮರದ ತೊಗಟೆಯಿಂದ ತೆಗೆದಿದ್ದರು. ಅದರ ಹೆಸರು ಪಿ-ಎಚ್‌ನಿಂದ ಶುರು, ಮದ್ದಿನಲ್ಲಿ ಎಫ್ ಆಯಿತು. ಮೇಲೆ ಹೇಳಿದ ನಿಯಮ ಇಲ್ಲಿ ಕೆಲಸ ಮಾಡಿದ್ದು ಕಾಣುತ್ತದಲ್ಲ. ರಿವರಾಕ್ಸಬಾನ್, ಅಪಿಕ್ಸಬಾನ್‌ಗಳ ‘ಕ್ಸಬಾನ್’ ಇನ್ನೂ ನೇರ. ರಕ್ತ ಹೆಪ್ಪುಗಟ್ಟಿಸುವ ಹತ್ತನೇ ಫ್ಯಾಕ್ಟರಿನ ಸಕ್ರಿಯ ರೂಪದ ಗುರುತು ಎಕ್ಸ್-ಎ (ಎಕ್ಸ್ ಅಂದರೆ ರೋಮನ್ ಹತ್ತು). ಅದನ್ನು ತಡೆಯುವುದರಿಂದ ‘ಕ್ಸ-ಬಾನ್’.

ಹಳೇ ಹೆಸರುಗಳ ಕಥೆ ಬೇರೆ. ಅವುಗಳನ್ನು ರಾಸಾಯನಿಕ ಹೆಸರನ್ನು ಕತ್ತರಿಸಿ ಮಾಡಿದ್ದು. ಪ್ಯಾರಸಿಟಮಾಲ್ ಇದಕ್ಕೆ ಒಳ್ಳೆಯ ಉದಾಹರಣೆ. ಅದರ ರಾಸಾಯನಿಕ ಹೆಸರು ಪ್ಯಾರಾ-ಅಸಿಟೈಲ್-ಅಮೈನೋ-ಫೀನಾಲ್. ಅದರಿಂದ ಪ್ಯಾರ್, ಅಸಿಟ್, ಅಮ್, ಆಲ್ ಅಂತ ಒಂದೊಂದು ಚೂರು ಹೆಕ್ಕಿದರೆ ಪ್ಯಾರಸಿಟಮಾಲ್. ಅಮೆರಿಕದವರು ಅದೇ ಹೆಸರಿನಿಂದ ಅಸಿಟ್, ಅಮೈನೋ, ಫೆನ್ ಹೆಕ್ಕಿ ಅಸಿಟಮಿನೋಫೆನ್ ಮಾಡಿದರು. ಅಮೆರಿಕದಿಂದ ಬಂದವರು ಆ ಹೆಸರಿನ ಒಂದು ಡಬ್ಬಿ ತೋರಿಸಿ “ಇದು ಬೇರೆಯಾ, ಕ್ರೋಸಿನ್ ಜೊತೆ ತಗೊಳ್ಳಬಹುದಾ” ಅಂತ ಕೇಳುತ್ತಾರೆ. ಎರಡೂ ಒಂದೇ ಮದ್ದು ಅಂತ ಅವರಿಗೆ ಖಡಾಖಂಡಿತವಾಗಿ ಹೇಳಿ. ಜೊತೆಗೆ ನುಂಗಿದರೆ ಡೋಸ್ ಎರಡು ಪಟ್ಟಾಗಿ ಲಿವರಿಗೆ ಪೆಟ್ಟು ಬೀಳಬಹುದು.

ಈಗ ನಿಮ್ಮ ಹೈಡ್ರೋಕ್ಲೋರೋಥಯಾಜೈಡ್‌ಗೆ ಬರೋಣ. ಇದೂ ಹಳೇ ಪದ್ಧತಿಯದ್ದೇ. ಬಾಲದಿಂದ ಬಿಡಿಸಿ. ‘ಥಯಾಜೈಡ್’ ಇದರ ಕುಲ. ಅದರೊಳಗೆ ‘ಥಯಾ’ ಅಂದರೆ ಗಂಧಕ, ‘ಅಜ್’ ಅಂದರೆ ಸಾರಜನಕ. ಫ್ರೆಂಚರು ಸಾರಜನಕವನ್ನು ಅಜೋಟ್ ಅನ್ನುತ್ತಾರೆ, ಅಲ್ಲಿಂದ ಬಂದ ಚೂರು ಅದು. ಅಂದರೆ ಅಣುವಿನ ಉಂಗುರದಲ್ಲಿ ಗಂಧಕ ಮತ್ತು ಸಾರಜನಕ ಇವೆ. ಅದರ ಹಿಂದೆ ‘ಕ್ಲೋರೋ’, ಅಂದರೆ ಅಣುವಿಗೆ ಒಂದು ಕ್ಲೋರಿನ್ ಅಂಟಿಕೊಂಡಿದೆ. ಇಷ್ಟಕ್ಕೆ ಕ್ಲೋರೋಥಯಾಜೈಡ್ ಆಯಿತು. ಅದು ಮಾರುಕಟ್ಟೆಗೆ ಬಂದದ್ದು 1958ರಲ್ಲಿ. ಅದಕ್ಕೆ ಹೈಡ್ರೋಜನ್ ಸೇರಿಸಿದಾಗ ‘ಹೈಡ್ರೋ’ ಮುಂದೆ ಬಂತು. ಅದು 1959ರ ಮದ್ದು. ಇದು ಮೂತ್ರ ಹೆಚ್ಚಿಸುವ ಮಾತ್ರೆ ಆದ್ದರಿಂದ ‘ಹೈಡ್ರೋ’ ಅಂದರೆ ನೀರು ಅಂತ ತುಂಬ ಮಕ್ಕಳು ವೈವಾದಲ್ಲಿ ಹೇಳುತ್ತಾರೆ. ಇಲ್ಲಿ ಅದು ನೀರಲ್ಲ, ಹೈಡ್ರೋಜನ್. ಈ ಸಣ್ಣ ಸೇರ್ಪಡೆಯಿಂದ ಮದ್ದಿನ ಬಲ ಎಷ್ಟು ಏರಿತು ಅಂದರೆ, ಕ್ಲೋರೋಥಯಾಜೈಡ್ ಮಾತ್ರೆ 500 ಮಿಲಿಗ್ರಾಂ ಲೆಕ್ಕದಲ್ಲಿದ್ದರೆ ಇದು ಬಿಪಿಗೆ 12.5 ಅಥವಾ 25 ಮಿಲಿಗ್ರಾಂ ಸಾಕು. ಹೆಸರಿನ ಮೊದಲ ತುಂಡನ್ನು ನುಂಗಿಬಿಟ್ಟರೆ ಮದ್ದೇ ಬೇರೆ ಆಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಉದ್ದ ಅಂತ ಇದನ್ನು ಎಚ್‌ಸಿಟಿ, ಎಚ್‌ಸಿಟಿಜೆಡ್ ಅಂತ ಚಿಕ್ಕದು ಮಾಡುವ ಅಭ್ಯಾಸ ಎಲ್ಲ ಕಡೆ ಉಂಟು. ನೀವು ಮಾಡಬೇಡಿ. ಹೈಡ್ರೋಕಾರ್ಟಿಸೋನನ್ನೂ ಹಾಗೇ ಚಿಕ್ಕದು ಮಾಡುವವರಿದ್ದಾರೆ. ಒಂದು ಬಿಪಿ ಮಾತ್ರೆ, ಇನ್ನೊಂದು ಸ್ಟೀರಾಯ್ಡ್. ಪೂರ್ತಿ ಹೆಸರು ಹೇಳಲು ಕಲಿಯುವುದೇ ದಾರಿ.

ಹಾಗಾದರೆ ಹೇಳುವುದು ಹೇಗೆ? ಇಲ್ಲಿ ಒಂದು ವಿಷಯ ಚೆನ್ನಾಗಿ ತಲೆಗೆ ಹಾಕಿಕೊಳ್ಳಿ. ಅರ್ಥಕ್ಕೆ ತುಂಡು ಮಾಡುವುದು ಬೇರೆ, ಬಾಯಿಗೆ ತುಂಡು ಮಾಡುವುದು ಬೇರೆ. ಬಾಯಿಗೆ ಮಾಡುವ ತುಂಡನ್ನು ಸಿಲಬಲ್ ಅನ್ನುತ್ತಾರೆ. ಒಂದು ತುಂಡಿಗೆ ಒಂದೇ ಸ್ವರ. ಓಮೆಪ್ರಜೋಲ್‌ನ ಅರ್ಥದ ತುಂಡು ‘ಓಮೆ’ ಮತ್ತು ‘ಪ್ರಜೋಲ್’. ಆದರೆ ಇಂಗ್ಲಿಷಿನಲ್ಲಿ ಹೇಳುವಾಗ ಅದು ಓ-ಮೆಪ್-ರ-ಜೋಲ್. ಬಾಲದ ‘ಪ’ಕಾರ ಹಿಂದಿನ ತುಂಡಿಗೆ ಹೋಗಿ ಅಂಟಿಕೊಂಡಿತು. ಅರ್ಥದ ಗೆರೆಯಲ್ಲೇ ನಿಂತು ಉಸಿರು ತೆಗೆದರೆ ಹೆಸರು ಮುಗ್ಗರಿಸುತ್ತದೆ. ನೀವು ಅರ್ಧದಲ್ಲಿ ನಿಲ್ಲುವುದಕ್ಕೆ ಇದೂ ಒಂದು ಕಾರಣ ಇರಬಹುದು. ಓದುವಾಗ ಅರ್ಥದ ಗೆರೆ ನೋಡಿ, ಹೇಳುವಾಗ ಬಾಯಿಯ ಗೆರೆ ಹಿಡಿಯಿರಿ.

ಒತ್ತಿನ ವಿಷಯದಲ್ಲಿ ಕನ್ನಡ ಮಾಧ್ಯಮದವರಿಗೆ ಒಂದು ಲಾಭ ಉಂಟು, ಅದನ್ನು ಯಾರೂ ಹೇಳಿಕೊಡುವುದಿಲ್ಲ. ಹೈಸ್ಕೂಲಿನಲ್ಲಿ ಪದ್ಯಕ್ಕೆ ಪ್ರಸ್ತಾರ ಹಾಕಿದ್ದು ನೆನಪಿದೆಯಲ್ಲ? ದೀರ್ಘ ಅಕ್ಷರ ಗುರು. ಒತ್ತಕ್ಷರದ ಹಿಂದಿನ ಅಕ್ಷರ ಗುರು. ಸೊನ್ನೆ ಇದ್ದದ್ದು ಗುರು. ಉಳಿದದ್ದು ಹೆಚ್ಚಾಗಿ ಲಘು. ಲ್ಯಾಟಿನ್ ಭಾಷೆಯಲ್ಲೂ ಒತ್ತು ಬೀಳುವುದು ಹೆಚ್ಚುಕಡಿಮೆ ಇದೇ ಲೆಕ್ಕದಲ್ಲಿ. ಕೊನೆಯಿಂದ ಎರಡನೇ ತುಂಡು ನೋಡಿ. ಅದು ಗುರುವಾದರೆ ಒತ್ತು ಅಲ್ಲೇ. ಲಘುವಾದರೆ ಅದರ ಹಿಂದಿನದಕ್ಕೆ, ಅಂದರೆ ಕೊನೆಯಿಂದ ಮೂರನೆಯದಕ್ಕೆ. ವೈದ್ಯಕೀಯದ ಇಂಗ್ಲಿಷ್ ಪದಗಳು ಲ್ಯಾಟಿನ್, ಗ್ರೀಕ್ ಅಚ್ಚಿನಲ್ಲಿ ತಯಾರಾದವು. ಹಾಗಾಗಿ ಮದ್ದಿನ ಹೆಸರುಗಳಲ್ಲೂ ಈ ಲೆಕ್ಕ ಬಹಳಷ್ಟು ಸಲ ಸರಿ ಬರುತ್ತದೆ.

ಹಾಕಿ ನೋಡಿ. ಲೊ-ಸಾರ್-ಟನ್: ಎರಡನೆಯದು ‘ಸಾರ್’, ಗುರು, ಒತ್ತು ಅದಕ್ಕೇ. ಮೆಟ್-ಫಾರ್-ಮಿನ್: ‘ಫಾರ್’ ಗುರು, ಅಲ್ಲೇ ಒತ್ತು. ಅ-ಟೆ-ನ-ಲೋಲ್: ಕೊನೆಯಿಂದ ಎರಡನೆಯದು ‘ನ’, ಲಘು. ಹಿಂದೆ ಹೋಗಿ, ‘ಟೆ’ಗೆ ಒತ್ತು. ಮೆಟ್-ರೊ-ನೈ-ಡ-ಜೋಲ್: ‘ಡ’ ಲಘು, ಒತ್ತು ‘ನೈ’ಗೆ. ಅಜಿತ್ರೋಮೈಸಿನ್‌ನಲ್ಲಿ ‘ಮೈ’ ಗುರು, ಅಲ್ಲೇ. ಕ್ಲೊ-ಪಿ-ಡೊ-ಗ್ರೆಲ್‌ನಲ್ಲಿ ‘ಪಿ’. ಮನೆಮಾತಾಗಿರುವ ಇನ್ಸುಲಿನ್, ಆಸ್ಪಿರಿನ್ ಕೂಡ ಇದೇ ಲೆಕ್ಕ: ‘ಇನ್’, ‘ಆಸ್’. ನಿಮ್ಮ ಉದ್ದ ಹೆಸರು ಹೈ-ಡ್ರೊ-ಕ್ಲೊ-ರೊ-ಥೈ-ಅ-ಜೈಡ್, ಏಳು ತುಂಡು. ಕೊನೆಯಿಂದ ಎರಡನೆಯದು ‘ಅ’, ಲಘು. ಆದ್ದರಿಂದ ಪೂರ್ತಿ ಒತ್ತು ‘ಥೈ’ ಮೇಲೆ. ಹೆಸರು ಉದ್ದ ಇರುವುದರಿಂದ ‘ಹೈ’ಗೂ ‘ಕ್ಲೊ’ಗೂ ಸ್ವಲ್ಪ ಸ್ವಲ್ಪ ಒತ್ತು ಸಿಗುತ್ತದೆ. ‘ಡ್ರೊ’, ‘ರೊ’ ಮೆಲ್ಲಗೆ ಜಾರಿಹೋಗುತ್ತವೆ.

ಒಂದು ಎಚ್ಚರಿಕೆ. ಕನ್ನಡದಲ್ಲಿ ಬರೆದ ಮದ್ದಿನ ಹೆಸರಿಗೆ ಕಣ್ಣುಮುಚ್ಚಿ ಪ್ರಸ್ತಾರ ಹಾಕಬೇಡಿ. ಒಬ್ಬರು ಅಟೆನೊಲಾಲ್ ಅಂತ ಬರೆಯುತ್ತಾರೆ, ಇನ್ನೊಬ್ಬರು ಅಟೆನೋಲಾಲ್ ಅಂತ ದೀರ್ಘ ಎಳೆಯುತ್ತಾರೆ. ಇಂಗ್ಲಿಷ್ ಸ್ಪೆಲ್ಲಿಂಗ್ ನೋಡಿದರೂ ಸ್ವರ ಹ್ರಸ್ವವೋ ದೀರ್ಘವೋ ತಿಳಿಯುವುದಿಲ್ಲ. ಅದಕ್ಕೆ ನನ್ನ ಸಲಹೆ, ಪ್ರತಿಯೊಂದು ಬಾಲವನ್ನೂ ಅದರ ಒತ್ತಿನ ಸಮೇತ ಬಾಯಿಪಾಠ ಮಾಡಿ. ಬಾಲಗಳು ಎರಡೇ ಜಾತಿ. ಕೆಲವು ಒತ್ತನ್ನು ತಾವೇ ಇಟ್ಟುಕೊಳ್ಳುತ್ತವೆ: ಸಾರ್-ಟನ್, ಗ್ಲಿಪ್-ಟಿನ್, ಫ್ಲೋ-ಜಿನ್, ಸಿಲ್-ಲಿನ್, ಮೈ-ಸಿನ್, ಫ್ಲಾಕ್-ಸ-ಸಿನ್. ಕೆಲವು ಒತ್ತನ್ನು ತಮ್ಮ ಹಿಂದಿನ ಭಾಗಕ್ಕೆ ದೂಡುತ್ತವೆ: ಓಲೋಲ್, ಪ್ರಿಲ್, ಪ್ರಜೋಲ್, ಡಿಪಿನ್. ಎನಲಪ್ರಿಲ್‌ನಲ್ಲಿ ‘ನ್ಯಾಲ್’, ಅಮ್ಲೋಡಿಪಿನ್‌ನಲ್ಲಿ ‘ಲೋ’, ಪ್ಯಾಂಟೊಪ್ರಜೋಲ್‌ನಲ್ಲಿ ‘ಟೋ’.

ಈ ಎರಡು ಜಾತಿಯ ವ್ಯತ್ಯಾಸ ಪರೀಕ್ಷೆಗಿಂತ ಕೌಂಟರಿನಲ್ಲಿ ಜಾಸ್ತಿ ಮುಖ್ಯ. ಇದನ್ನು ನಾನು ಎಲ್ಲ ವಿದ್ಯಾರ್ಥಿಗಳಿಗೂ ಒತ್ತಾಯ ಮಾಡಿ ಹೇಳುತ್ತೇನೆ.

ಇಂಗ್ಲಿಷಿನಲ್ಲಿ ಒತ್ತು ಬಿದ್ದ ತುಂಡು ಮಾತ್ರ ಸ್ಪಷ್ಟ ಕೇಳುತ್ತದೆ. ಒತ್ತಿಲ್ಲದ ಸ್ವರಗಳು ಮಸುಕಾಗುತ್ತವೆ. ಸಂಜೆ ಹೊತ್ತು ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದ ಕಡೆಯ ಒಂದು ಮೆಡಿಕಲ್‌ನಲ್ಲಿ ನಿಂತಿದ್ದೀರಿ ಅಂತಿಟ್ಟುಕೊಳ್ಳಿ. ಹೊರಗೆ ಕಂಡಕ್ಟರುಗಳ ಕೂಗು. ಬೈಂದೂರಿನಿಂದ ಯಾರೋ ಫೋನಿನಲ್ಲಿ ತಾಯಿಯ ಶುಗರ್ ಮಾತ್ರೆ ಕೇಳುತ್ತಿದ್ದಾರೆ. ನಿಮ್ಮ ಕಿವಿಗೆ ಬೀಳುವುದು “...ಗ್ಲಿಪ್ಟಿನ್”. ಯಾವ ಗ್ಲಿಪ್ಟಿನ್? ಸಿಟಾ, ವಿಲ್ಡಾ, ಲಿನಾ, ಸ್ಯಾಕ್ಸಾ, ಟೆನೆಲಿ, ಎಲ್ಲವೂ ಉಂಟು. ಒತ್ತು ಬೀಳುವುದು ಎಲ್ಲರಿಗೂ ಸಮಾನವಾದ ‘ಗ್ಲಿಪ್’ ಮೇಲೆ. ಬೇರೆ ಮಾಡುವ ತಲೆಯೇ ಮಸುಕಾಗಿಬಿಟ್ಟಿದೆ. ಸಾರ್ಟನ್‌ಗಳದ್ದೂ ಗ್ಲಿಫ್ಲೋಜಿನ್‌ಗಳದ್ದೂ ಇದೇ ತೊಂದರೆ. ಡಪಾ, ಎಂಪಾ, ಕನಾ ಮಸುಕು, ‘ಫ್ಲೋ’ ಮಾತ್ರ ಜೋರು. ಇಂಥ ಕಡೆ ಇಂಗ್ಲಿಷಿನ ಒತ್ತನ್ನು ಬದಿಗಿಡಿ. ತಲೆಯನ್ನು ಬೇರೆಯಾಗಿ ಹೇಳಿ, ಸಣ್ಣ ತಡೆ ಕೊಡಿ, ಆಮೇಲೆ ಬಾಲ: “ಲಿನಾ... ಗ್ಲಿಪ್ಟಿನ್, ಐದು”. ಮಿಲಿಗ್ರಾಂ ಸೇರಿಸುವುದನ್ನು ಮರೆಯಬೇಡಿ. ಲಿನಾಗ್ಲಿಪ್ಟಿನ್ ಬರುವುದು 5 ಮಿಲಿಗ್ರಾಂನಲ್ಲಿ, ಟೆನೆಲಿಗ್ಲಿಪ್ಟಿನ್ ಸಾಮಾನ್ಯವಾಗಿ 20, ವಿಲ್ಡಾಗ್ಲಿಪ್ಟಿನ್ 50, ಸಿಟಾಗ್ಲಿಪ್ಟಿನ್ 50 ಅಥವಾ 100. ಹೆಸರೂ ಸಂಖ್ಯೆಯೂ ಹೊಂದದಿದ್ದರೆ ಅಲ್ಲೇ ನಿಲ್ಲಿಸಿ, ಚೀಟಿಯ ಫೋಟೋ ವಾಟ್ಸಾಪ್ ಮಾಡಲು ಹೇಳಿ.

ಎರಡನೇ ಜಾತಿಯಲ್ಲಿ ಇದು ಉಲ್ಟಾ. ಅಲ್ಲಿ ಒತ್ತು ಬೀಳುವ ತುಂಡೇ ಮದ್ದನ್ನು ಬೇರೆ ಮಾಡುತ್ತದೆ. ರಾಬೆಪ್ರಜೋಲ್ ಮತ್ತು ಅರಿಪಿಪ್ರಜೋಲ್ ತೆಗೆದುಕೊಳ್ಳಿ. ಮೊದಲನೆಯದು ಗ್ಯಾಸ್ಟ್ರಿಕ್ ಮಾತ್ರೆ. ಎರಡನೆಯದು ಮನೋರೋಗಕ್ಕೆ ಕೊಡುವಂಥದ್ದು. ಇವೆರಡೂ ಅದಲುಬದಲಾಗುವ ಹೆಸರುಗಳು ಅಂತ ಔಷಧ ಸುರಕ್ಷತೆಯ ಪಟ್ಟಿಯಲ್ಲೇ ಸೇರಿವೆ. ರ-ಬೆಪ್-ರ-ಜೋಲ್, ಅ-ರಿ-ಪಿಪ್-ರ-ಜೋಲ್. ಬಾಲ ಒಂದೇ ಥರ ಕೇಳುತ್ತದೆ. ಬೇರೆ ಆಗುವುದು ‘ಬೆಪ್’ ಮತ್ತು ‘ಪಿಪ್’. ಆ ಒಂದು ತುಂಡನ್ನು ಗಟ್ಟಿಯಾಗಿ ಹೇಳಿದರೆ ಅರ್ಧ ಅಪಾಯ ಕಳೆಯಿತು. ಹೈಡ್ರಲಜಿನ್ ಮತ್ತು ಹೈಡ್ರಾಕ್ಸಿಜಿನ್ ಇನ್ನೊಂದು ಜೋಡಿ. ಒಂದು ಬಿಪಿಗೆ, ಒಂದು ತುರಿಕೆಗೆ. ಅಲ್ಲಿ ಒತ್ತು ‘ಡ್ರ್ಯಾಲ್’ ಮತ್ತು ‘ಡ್ರಾಕ್ಸ್’.

ಪ್ರೆಡ್ನಿಸೋನ್ ಮತ್ತು ಪ್ರೆಡ್ನಿಸೊಲೋನ್ ಜೋಡಿ ನನಗೆ ಪಾಠಕ್ಕೆ ಬಹಳ ಇಷ್ಟ. ಪ್ರೆಡ್-ನಿ-ಸೋನ್‌ನಲ್ಲಿ ‘ನಿ’ ಲಘು, ಒತ್ತು ‘ಪ್ರೆಡ್’ಗೆ. ಒಂದೇ ಒಂದು ತುಂಡು ಸೇರಿ ಪ್ರೆಡ್-ನಿ-ಸೊ-ಲೋನ್ ಆದ ಕೂಡಲೇ ಕೊನೆಯಿಂದ ಲೆಕ್ಕ ಬದಲಾಗಿ ಒತ್ತು ‘ನಿ’ಗೆ ಜಿಗಿಯುತ್ತದೆ. ಕಣ್ಣಿಗೆ ಒಂದೇ ಥರ ಕಾಣುವ ಎರಡು ಹೆಸರುಗಳ ತಾಳ ಕಿವಿಗೆ ಬೇರೆ ಬೇರೆ. ಪ್ರೆಡ್ನಿಸೋನ್ ಲಿವರಿನಲ್ಲಿ ಪ್ರೆಡ್ನಿಸೊಲೋನ್ ಆಗಿ ಬದಲಾದ ಮೇಲೆಯೇ ಕೆಲಸ ಮಾಡುವುದು. ಹಾಗಾಗಿ ಇವು ಸಂಬಂಧಿಕರು ನಿಜ. ಆದರೂ ಚೀಟಿಯಲ್ಲಿ ಇರುವುದನ್ನೇ ಕೊಡಬೇಕು.

ಬಾಲ ನಂಬಿ ಮೋಸ ಹೋಗುವ ಜಾಗಗಳನ್ನೂ ಹೇಳಿಬಿಡುತ್ತೇನೆ. ನಿಸ್ಟಾಟಿನ್ ಕೊಲೆಸ್ಟರಾಲಿನ ಸ್ಟಾಟಿನ್ ಅಲ್ಲ, ಫಂಗಸ್ ಮದ್ದು. ಅದನ್ನು ಕಂಡುಹಿಡಿದ ಎಲಿಜಬೆತ್ ಹೇಜನ್ ಮತ್ತು ರೇಚಲ್ ಬ್ರೌನ್ ನ್ಯೂಯಾರ್ಕ್ ರಾಜ್ಯದ ಆರೋಗ್ಯ ಇಲಾಖೆಯಲ್ಲಿ ಕೆಲಸ ಮಾಡುತ್ತಿದ್ದರು. ನ್ಯೂಯಾರ್ಕ್ ಸ್ಟೇಟ್ ಅನ್ನುವುದರ ಮೇಲೆ ಆ ಹೆಸರು ಇಟ್ಟರು. ಕೊಲೆಸ್ಟರಾಲಿನ ಮದ್ದಿನ ಈಗಿನ ಬಾಲ ‘ವಸ್ಟಾಟಿನ್’ ಅಂತ ‘ವ’ ಸೇರಿಸಿ ನೆನಪಿಡಿ: ಅಟೊರ್ವಸ್ಟಾಟಿನ್, ರೊಸುವಸ್ಟಾಟಿನ್. ಸ್ಟಾನೊಜೊಲೋಲ್ ಬೀಟಾ ಬ್ಲಾಕರ್ ಅಲ್ಲ, ಮೈಕಟ್ಟಿನ ಹುಚ್ಚಿಗೆ ದುರುಪಯೋಗವಾಗುವ ಸ್ಟೀರಾಯ್ಡ್. ವಾರ್ಫರಿನ್ ಹೆಸರಿನ ‘ವಾರ್ಫ್’ ಅದರ ಸಂಶೋಧನೆಗೆ ಹಣ ಕೊಟ್ಟ ವಿಸ್ಕಾನ್ಸಿನ್‌ನ ಹಳೆವಿದ್ಯಾರ್ಥಿಗಳ ಪ್ರತಿಷ್ಠಾನದ ಮೊದಲ ಅಕ್ಷರಗಳಿಂದ ಬಂದದ್ದು. ಅದಕ್ಕೆ ಕೂಮರಿನ್‌ನ ಬಾಲ ಸೇರಿದೆ. ಕಂಪನಿಗಳು ಇಡುವ ಬ್ರ್ಯಾಂಡ್ ಹೆಸರುಗಳಿಗೆ ಈ ಬಾಲದ ಲೆಕ್ಕ ಹಾಕಲೇಬೇಡಿ.

ಒತ್ತಿನ ಲೆಕ್ಕಕ್ಕೂ ಅಪವಾದ ಉಂಟು. ಅಟೊರ್ವಸ್ಟಾಟಿನ್‌ನಲ್ಲಿ ಲೆಕ್ಕದ ಪ್ರಕಾರ ಒತ್ತು ‘ಸ್ಟಾ’ಗೆ ಬರಬೇಕು. ಹಾಗೆ ಹೇಳುವವರೂ ಇದ್ದಾರೆ. ಅಮೆರಿಕದ ಪುಸ್ತಕಗಳು ‘ಟೊರ್’ ಜೋರು, ‘ಸ್ಟಾ’ ಸ್ವಲ್ಪ ಅನ್ನುತ್ತವೆ. ಎರಡರಲ್ಲಿ ಯಾವುದಾದರೂ ಆಗಬಹುದು.

ಮುಂದೆ ನೀವು ಆಸ್ಪತ್ರೆಯ ಫಾರ್ಮಸಿಗೆ ಹೋದರೆ ‘ಮ್ಯಾಬ್’ ಹೆಸರುಗಳು ಎದುರಾಗುತ್ತವೆ. ಮೊನೊಕ್ಲೋನಲ್ ಆ್ಯಂಟಿಬಾಡಿಯ ಇಂಗ್ಲಿಷ್ ಮೊದಲಕ್ಷರಗಳೇ ಆ ಬಾಲ. ಸ್ತನ ಕ್ಯಾನ್ಸರಿಗೆ ಕೊಡುವ ಟ್ರಾಸ್ಟುಜುಮ್ಯಾಬ್ ಬಿಡಿಸಿದರೆ ಟ್ರಾಸ್, ಟು, ಜು, ಮ್ಯಾಬ್. ‘ಟು’ ಅಂದರೆ ಟ್ಯೂಮರ್. ‘ಜು’ ಅಂದರೆ ಇಲಿಯ ಆ್ಯಂಟಿಬಾಡಿಯನ್ನು ಬಹುಪಾಲು ಮನುಷ್ಯರದ್ದಾಗಿ ಮಾರ್ಪಡಿಸಿದ್ದು. ‘ಟ್ರಾಸ್’ಗೆ ಅರ್ಥ ಇಲ್ಲ. ರಿಟುಕ್ಸಿಮ್ಯಾಬ್‌ನ ‘ಕ್ಸಿ’ ಅಂದರೆ ಇಲಿ ಮತ್ತು ಮನುಷ್ಯರ ಭಾಗ ಬೆರೆತದ್ದು. 2017ರಿಂದ ಹೊಸ ಹೆಸರುಗಳಲ್ಲಿ ಈ ಮೂಲದ ಗುರುತು ಕೈಬಿಟ್ಟರು. 2021ರಲ್ಲಿ ‘ಮ್ಯಾಬ್’ ಬಾಲವನ್ನೇ ಒಡೆದು ಟಗ್, ಬಾರ್ಟ್, ಮಿಗ್, ಮೆಂಟ್ ಅಂತ ನಾಲ್ಕು ಮಾಡಿದರು. ಹಳೇ ಮದ್ದುಗಳ ಹೆಸರು ಹಾಗೇ ಉಳಿದಿದೆ. ಒತ್ತು ಟ್ರಾಸ್-ಟು-ಜು-ಮ್ಯಾಬ್‌ನಲ್ಲಿ ‘ಟು’ಗೆ, ರಿ-ಟುಕ್-ಸಿ-ಮ್ಯಾಬ್‌ನಲ್ಲಿ ‘ಟುಕ್’ಗೆ.

ಇಲ್ಲಿ ಎರಡು ಪದದ ಹೆಸರು ಬಂದರೆ ಎರಡನೇ ಪದ ಬಿಡಲೇಬಾರದು. ಟ್ರಾಸ್ಟುಜುಮ್ಯಾಬ್ ಒಂದು ಮದ್ದು. ಟ್ರಾಸ್ಟುಜುಮ್ಯಾಬ್ ಎಮ್ಟಾನ್ಸಿನ್ ಬೇರೆ ಮದ್ದು, ಅದರಲ್ಲಿ ಆ್ಯಂಟಿಬಾಡಿಗೆ ಕೋಶ ಕೊಲ್ಲುವ ವಿಷ ಕಟ್ಟಿರುತ್ತದೆ. ಮೂರು ವಾರಕ್ಕೊಮ್ಮೆ ಕೊಡುವ ಡೋಸ್ ಮೊದಲನೆಯದಕ್ಕೆ ಸಾಮಾನ್ಯವಾಗಿ ಪ್ರತಿ ಕಿಲೋ ತೂಕಕ್ಕೆ 6 ಮಿಲಿಗ್ರಾಂ, ಎರಡನೆಯದಕ್ಕೆ 3.6. ಅದಲುಬದಲಾದರೆ ಜೀವಕ್ಕೇ ಅಪಾಯ. ಟ್ರಾಸ್ಟುಜುಮ್ಯಾಬ್ ಡೆರಕ್ಸ್‌ಟೆಕಾನ್ ಮೂರನೆಯದು. ಅಮೆರಿಕದಲ್ಲಿ ಇವುಗಳ ಮುಂದೆ ‘ಅಡೊ’, ‘ಫ್ಯಾಮ್’ ಅಂತ ಇನ್ನೊಂದು ತುಂಡು ಸೇರಿಸಿದ್ದು ಈ ಗೊಂದಲ ತಪ್ಪಿಸಲಿಕ್ಕೇ.

ಕನ್ನಡದವರ ನಾಲಿಗೆಯ ಬಗ್ಗೆ ಎರಡು ಮಾತು. ನಮ್ಮಲ್ಲಿ ಒತ್ತು ಜಾಗ ಬದಲಿಸಿದರೆ ಅರ್ಥ ಬದಲಾಗುವುದಿಲ್ಲ. ನಾವು ಎಲ್ಲ ಅಕ್ಷರಗಳನ್ನೂ ಹೆಚ್ಚುಕಡಿಮೆ ಸಮನಾಗಿ ಹೇಳುತ್ತೇವೆ. ಇದು ದೋಷ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಪ್ರತಿ ತುಂಡೂ ಸ್ಪಷ್ಟ ಕೇಳುವುದರಿಂದ ಗ್ಲಿಪ್ಟಿನ್‌ಗಳ ತಲೆ ನಮ್ಮ ಬಾಯಲ್ಲಿ ಮಸುಕಾಗುವುದು ಕಡಿಮೆ. ಮಣಿಪಾಲದ ಆಸ್ಪತ್ರೆಯಲ್ಲಿ ಸ್ವಲ್ಪ ಹೊತ್ತು ನಿಂತರೆ ಮಲಯಾಳ, ಕೊಂಕಣಿ, ತುಳು, ಹಿಂದಿ ಮಾತಾಡುವವರ ಬಾಯಲ್ಲಿ ಒಂದೇ ಮದ್ದಿನ ಹೆಸರು ಬೇರೆ ಬೇರೆ ಥರ ಕೇಳುತ್ತದೆ. ಕೆಲಸ ನಡೆಯುತ್ತದೆ. ‘ಜೋಲ್’ ಅನ್ನಿ, ‘ಝೋಲ್’ ಅನ್ನಿ, ಮದ್ದು ಬದಲಾಗುವುದಿಲ್ಲ. ತುಂಡು ಬಿಟ್ಟರೆ, ‘ಬೆಪ್’ ಇದ್ದಲ್ಲಿ ‘ಪಿಪ್’ ಬಂದರೆ ಬದಲಾಗುತ್ತದೆ. ಯಾವುದರ ಮೇಲೆ ಗಮನ ಇಡಬೇಕು ಅಂತ ಗೊತ್ತಾಯಿತಲ್ಲ. ನಿಮ್ಮ ಉಚ್ಚಾರಕ್ಕೆ ಯಾರಾದರೂ ನಕ್ಕರೆ ತಲೆ ಕೆಡಿಸಿಕೊಳ್ಳಬೇಡಿ.

ಬರೆಯುವಾಗ ಮಾತ್ರ ಬೇರೆ ನಿಯಮ. ಇಂಥ ಜೋಡಿ ಹೆಸರುಗಳ ಬೇರೆಯಾಗುವ ತುಂಡನ್ನು ಇಂಗ್ಲಿಷಿನಲ್ಲಿ ದೊಡ್ಡ ಅಕ್ಷರದಲ್ಲಿ ಅಚ್ಚು ಮಾಡುವ ಪದ್ಧತಿ ಉಂಟು. ಕನ್ನಡ ಲಿಪಿಯಲ್ಲಿ ದೊಡ್ಡ ಅಕ್ಷರ ಚಿಕ್ಕ ಅಕ್ಷರ ಇಲ್ಲ. ಆದ್ದರಿಂದ ಸ್ಟಾಕ್ ಪುಸ್ತಕದಲ್ಲಿ, ಆರ್ಡರಿನಲ್ಲಿ ಹೆಸರನ್ನು ಮಾತ್ರೆಯ ಶೀಟಿನ ಮೇಲೆ ಇದ್ದ ಹಾಗೇ ಇಂಗ್ಲಿಷ್ ಅಕ್ಷರದಲ್ಲಿ ಬರೆಯಿರಿ. ಕನ್ನಡದಲ್ಲಿ ಬರೆದ ಹೆಸರು ನಿಮ್ಮ ನೋಟ್ಸಿಗೆ, ಬಾಯಿ ತಿರುಗಲಿಕ್ಕೆ. ಆದರೆ ಊಟಕ್ಕೆ ಮುಂಚೆ, ಊಟ ಆದ ಮೇಲೆ, ರಾತ್ರಿ ಒಂದು ಅನ್ನುವುದನ್ನು ಕವರಿನ ಮೇಲೆ ಕನ್ನಡದಲ್ಲೇ ಬರೆದುಕೊಡಿ.

ಅಭ್ಯಾಸಕ್ಕೆ ಒಂದು ಉಪಾಯ ಹೇಳುತ್ತೇನೆ. ಹೆಸರನ್ನು ಮುಂದಿನಿಂದ ಅಲ್ಲ, ಹಿಂದಿನಿಂದ ಕಟ್ಟಿ. ಜೈಡ್. ಅ-ಜೈಡ್. ಥೈ-ಅ-ಜೈಡ್. ಇಲ್ಲಿ ‘ಥೈ’ಯನ್ನು ಗಟ್ಟಿ ಹೇಳಿ, ಅದು ಕೂತುಕೊಳ್ಳುವವರೆಗೆ ಮುಂದೆ ಹೋಗಬೇಡಿ. ಆಮೇಲೆ ರೊ-ಥೈ-ಅ-ಜೈಡ್, ಕ್ಲೊ-ರೊ-ಥೈ-ಅ-ಜೈಡ್, ಕೊನೆಗೆ ಪೂರ್ತಿ. ಮುಂದಿನಿಂದ ಶುರು ಮಾಡಿದರೆ ಗೊತ್ತಿರುವ ತುಂಡಿನಿಂದ ಗೊತ್ತಿಲ್ಲದ ತುಂಡಿಗೆ ಹೋಗಿ ಸಿಕ್ಕಿಬೀಳುತ್ತೀರಿ. ಹಿಂದಿನಿಂದ ಕಟ್ಟಿದರೆ ಪ್ರತಿ ಸಲ ಗೊತ್ತಿರುವ ಕಡೆಗೇ ಬಂದು ಮುಗಿಯುತ್ತದೆ. ಬಾಲ ಬಾಯಿಗೆ ಬಂದಿದ್ದರೆ ಆ ಗುಂಪಿನ ಮುಂದಿನ ಹೆಸರಿಗೆ ತಲೆ ಮಾತ್ರ ಹೊಸತು.

ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತಿನಲ್ಲಿ ಬಿಪಿ ಮತ್ತು ಶುಗರಿನ ರ‍್ಯಾಕಿನಿಂದ ಶುರು ಮಾಡಿ. ಒಂದು ದಿನಕ್ಕೆ ಒಂದೇ ಬಾಲ ಸಾಕು. ಆ ಬಾಲದ ಡಬ್ಬಿಗಳನ್ನೆಲ್ಲ ಒಟ್ಟಿಗೆ ಕೆಳಗಿಳಿಸಿ, ಒಂದೊಂದರ ಹೆಸರನ್ನೂ ಮಿಲಿಗ್ರಾಂ ಸಮೇತ ಜೋರಾಗಿ ಹೇಳಿ, ಮತ್ತೆ ಅದರದ್ದೇ ಜಾಗದಲ್ಲಿ ಇಡಿ.